ನಾಲ್ಕು ಶುದ್ಧಿ

ಪೂಜ್ಯ ಕ್ಷಮಾರ್ಣವ ಮುನಿಮಹಾರಾಜರು ಆ ವರ್ಷ ಚಾತುರ್ಮಾಸಕ್ಕೆ ನದಿದಂಡೆಯ ಸಣ್ಣ ಹಳ್ಳಿಯೊಂದರ ಬಸದಿಯಲ್ಲಿ ನೆಲೆಸಿದ್ದರು. ಮಲಗಲು ಒಂದು ಹಲಗೆ, ನವಿಲುಗರಿಯ ಪಿಂಛಿ, ಕಮಂಡಲು. ಅವರ ಸಂಸಾರವೆಲ್ಲ ಅಷ್ಟೇ. ದಿನಕ್ಕೊಮ್ಮೆ ಜೈನ ಗೃಹಸ್ಥರಾದ ಶ್ರಾವಕರ ಮನೆಯಲ್ಲಿ ನಿಂತು, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಿದ್ದರು. ಆಹಾರದಲ್ಲಿ ಕೂದಲು ಬಂದರೆ ಅದು ಅಂತರಾಯ. ಊಟ ಅಲ್ಲಿಗೇ ಮುಗಿಯಿತು, ಮರುದಿನದವರೆಗೆ ಹನಿ ನೀರೂ ಇಲ್ಲ.

ಆ ಊರಿನ ಅಕ್ಕುಬಾಯಿಯವರು ಉಪವಾಸಕ್ಕೆ ಹೆಸರಾದವರು. ಪರ್ವ ಬಂದರೆ ವಾರಗಟ್ಟಲೆ ಅನ್ನ ಮುಟ್ಟುತ್ತಿರಲಿಲ್ಲ. ಆ ದಿನಗಳಲ್ಲಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಓಡಾಡಬೇಕಾಗುತ್ತಿತ್ತು, ಅದು ಬೇರೆ ಮಾತು.

ಚತುರ್ದಶಿಯ ಉಪವಾಸ ಮುಗಿಸಿ ಮಹಾರಾಜರು ಮರುದಿನ ಅವರ ಬಾಗಿಲಿಗೆ ಬಂದರು. "ನಮೋಸ್ತು ಸ್ವಾಮೀ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧವಾಗಿದೆ" ಎಂದು ಅತ್ತೆ ಸೊಸೆ ಕೈಮುಗಿದು ಬರಮಾಡಿಕೊಂಡರು. ಹೊಸ ಸೊಸೆ ರಾಜಮತಿಗೆ ಅದೇ ಮೊದಲ ಆಹಾರದಾನ. ಅಡುಗೆ ಅವಳದು, ಬಡಿಸುವ ಕೈ ಅತ್ತೆಯದು. ಎರಡನೆಯ ತುತ್ತಿಗೇ ಮಹಾರಾಜರು ಬೊಗಸೆ ಬಿಟ್ಟು ಕುಳಿತರು. ತೊವ್ವೆಯಲ್ಲಿ ಒಂದು ಕೂದಲಿತ್ತು.

ನೋಡಲು ಸೇರಿದ್ದ ನೆರೆಮನೆಗಳ ಹೆಂಗಸರು ಸೊಸೆಯ ಕಡೆ ತಿರುಗಿದರು. "ಚಾತುರ್ಮಾಸ ಮುಗಿಯೂತನಕ ಈಕಿ ಅಡಿಗಿಮನಿ ಹೊಸ್ತಿಲಾ ದಾಟೂದು ಬ್ಯಾಡ" ಎಂದಳೊಬ್ಬಳು. ರಾಜಮತಿ ತಲೆ ತಗ್ಗಿಸಿ ಅತ್ತಳು. ಹತ್ತಿರವೇ ನಿಂತಿದ್ದ ಅಕ್ಕುಬಾಯಿಯವರಿಗೆ ಮಾತ್ರ ಕಂಡಿತ್ತು, ಕೂದಲು ಬಿಳಿಯದು. ಆ ಮನೆಯಲ್ಲಿ ನರೆತ ತಲೆ ಅವರದೊಂದೇ. ಆದರೂ ಅವರು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಮನಸ್ಸು ತಡೆಯದೆ ಬಸದಿಗೆ ಹೋದರು. "ಅಂತರಾಯ ಆಗಿದ್ದು ನನ್ನಿಂದ್ರೀ. ಎಂಟು ದಿನದ ಉಪವಾಸ ಕೊಡ್ರಿ, ಮಾಡ್ತೀನಿ."

ಮಹಾರಾಜರ ತುಟಿ ಒಣಗಿತ್ತು, ಮುಖ ಮಾತ್ರ ಬೆಳಗಿನಷ್ಟೇ ಶಾಂತವಾಗಿತ್ತು. "ಸೊಸಿ ಉಂಡಾಳೇನು?"

"ಇಲ್ರೀ. ಅಳಕೋತ ಕುಂತಾಳ."

"ಅನ್ನ ಬಿಡೂದು ನಿನಗ ಹಗುರ ಆಗೇತಿ, ಅವ್ವಾ. ಮುಂಜಾನೆ ಬಾಗಿಲಾಗ ನಾಕು ಶುದ್ಧಿ ಹೇಳಿದಿ. ಆಹಾರದ್ದು ತಪ್ಪಿತು, ಅದಕ್ಕ ನನ್ನ ಉಪವಾಸ ಸಾಕು. ವಚನದ್ದು ಇನ್ನೂ ನಿನ್ನ ಕಡೆನ ಉಳದೈತಿ."

ಇಷ್ಟು ವರ್ಷ ಹೊಟ್ಟೆಗೆ ಬೇಡವೆನ್ನಲು ಕಲಿತ ತಾವು ಹಮ್ಮಿಗೆ ಬೇಡವೆನ್ನಲು ಕಲಿಯಲಿಲ್ಲವೆಂದು ಆ ತಾಯಿಗೆ ಆಗ ಹೊಳೆಯಿತು. ಮನೆಗೆ ಬಂದರೆ ಕಟ್ಟೆಯ ಮೇಲೆ ಅದೇ ಹೆಂಗಸರು. ಯಾವ ಉಪವಾಸದಲ್ಲೂ ಅಕ್ಕುಬಾಯಿಯವರ ಬಾಯಿ ಅಷ್ಟು ಒಣಗಿರಲಿಲ್ಲ.

"ಕೂದಲಾ ನಂದು. ಆಗನ ನೋಡಿದ್ದೆ. ನೋಡಿ ಸುಮ್ಮನಿದ್ದೆ" ಎಂದರು. ಅಕ್ಕುಬಾಯಿಯವರು ಒಳಗೆ ಹೋಗಿ, ಸೊಸೆಗೆ ಬಡಿಸಿ, ಪಕ್ಕದಲ್ಲೇ ಕುಳಿತು ತಾವೂ ಉಂಡರು.

ಮರುದಿನ ಮಹಾರಾಜರು ಮತ್ತೆ ಆ ಬಾಗಿಲಿಗೇ ಬಂದರು. ವಚನಶುದ್ಧಿ ಎನ್ನುವಲ್ಲಿ ಅಕ್ಕುಬಾಯಿಯವರು ಸೊಸೆಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು. ಮಹಾರಾಜರು ಒಳಗೆ ಬಂದು ಬೊಗಸೆ ಒಡ್ಡಿದರು. ತಲೆಗೆ ಬಟ್ಟೆ ಬಿಗಿದುಕೊಂಡ ಅತ್ತೆ ಹಿಂದೆ ಸರಿದು ನಿಂತರು. ಮೊದಲ ನೀರು ಎರೆದವಳು ರಾಜಮತಿ.