ಹೊಳೆಬಸ್ಯ ಜೋಳ ಆರಿಸಿ ತಂದದ್ದು

ಹತ್ತಿರ ಸರಿದು ಕೂತುಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಆದರೆ ಆ ತಾಯಿಯ ಮುಂದೆ ಮಾತ್ರ ನಗಬೇಡಿ.

ಒಂದೂರಲ್ಲಿ ತುಂಗವ್ವ ಅಂತ ಒಬ್ಬಳು. ಅವಳಿಗೆ ಹೊಳೆಬಸ್ಯ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಚೀಲ ಹೊರುವುದರಲ್ಲಿ ಗಟ್ಟಿಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ.

ತುಂಗವ್ವ ಕಟಕ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿ, ಬಡಿದು ಮಾರುವವಳು. ಪೇಟೆಯಲ್ಲಿ ಖಾನಾವಳಿ ನಡೆಸುವ ರಾಚಪ್ಪ ಅವಳಿಗೂ ಕೆಳಗೇರಿಯ ನೀಲವ್ವನಿಗೂ ಒಂದೇ ಮಾತು ಹೇಳಿದ್ದ: "ನಾಕು ಸೋಮವಾರ ಇಬ್ಬರೂ ನೂರು ನೂರು ರೊಟ್ಟಿ ಕಳಸ್ರಿ. ಕಡೀಕ ನೋಡಿ ಒಬ್ಬರನ್ನ ಆರಿಸ್ತೀನಿ. ವರ್ಷದ ಕೆಲಸ ಅವರಿಗೇ." ಆ ಕೆಲಸ ಸಿಕ್ಕರೆ ತಾಯಿ ಮಗನ ಹೊಟ್ಟೆಪಾಡು ನಡೆದುಹೋಗುತ್ತಿತ್ತು. ಆದರೆ ತುಂಗವ್ವನ ಕಾಲು ಉಳುಕಿತ್ತು. ಕೂತು ರೊಟ್ಟಿ ಬಡಿಯಬಲ್ಲಳು, ಸಂತೆಗೆ ಹೋಗಲಾರಳು. ಜೋಳ ತರಲು ಮಗನೇ ಗತಿ.

"ಬಸ್ಯಾ, ಸಂತೀಗೆ ಹೋಗು. ಎಲ್ಲಿ ಅಗ್ಗ ಐತಿ ನೋಡಿ ಜೋಳ ತಗೊಂಡ್ ಬಾ."

"ಆತು ಬೇ ಯವ್ವಾ!"

ಹೋದ. ಸಂತೆಯನ್ನೆಲ್ಲ ಸುತ್ತಿದ. ಎಲ್ಲಕ್ಕಿಂತ ಅಗ್ಗದ್ದು ಕಟ್ಟಕಡೆಗೆ ಸಿಕ್ಕಿತು. ಕೋಳಿಗೆ ಹಾಕುವ ಹುಳುಕು ಜೋಳ! ಹೊತ್ತು ತಂದ. ಚೀಲ ಬಿಚ್ಚಿದರೆ ಕಾಳಿಗಿಂತ ಹುಳುವೇ ಹೆಚ್ಚು.

"ಅಯ್ಯ ನಿನ್ನ! ಇದನ್ನ ಮನುಷ್ಯಾರು ತಿಂತಾರೇನೋ?"

"ಅಗ್ಗ ಐತಿ ಬೇ!"

"ಅಗ್ಗ ನೋಡಬಾರದೋ, ಕಾಳು ನೋಡಬೇಕು! ಎಲ್ಲಾರಿಗಿಂತ ಛಲೋ ಕಾಳು ಯಾರದೋ ಅವರ ಹತ್ರ ತರಬೇಕು!"

ಕೇರಿ, ಆರಿಸಿ, ಆ ಸೋಮವಾರ ಹೇಗೋ ಐವತ್ತು ರೊಟ್ಟಿ ಕಳಿಸಿದಳು.

ಮರುವಾರ ಹೊಳೆಬಸ್ಯ ಕಾಳು ನೋಡಲು ಹೊರಟ. ಸಂತೆಯಲ್ಲಿ ಒಬ್ಬನನ್ನು ಕೇಳಿದ, "ಇದಕ್ಕಿಂತ ಛಲೋ ಜೋಳ ಎಲ್ಲಿ ಐತ್ರಿ?" ಅವನು "ಮುಂದಿನೂರಾಗ" ಅಂದ. ಮುಂದಿನೂರಿಗೆ ಹೋಗಿ ಕೇಳಿದ. ಅಲ್ಲಿಯೂ "ಮುಂದಿನೂರಾಗ" ಅಂದರು. ಹೀಗೇ ಮುಂದಿನೂರು, ಅದರ ಮುಂದಿನೂರು. ಮನೆ ಸೇರಿದಾಗ ಬುಧವಾರ. ಕೈಯಲ್ಲಿ ಒಂದೇ ಒಂದು ತೆನೆ.

"ಚೀಲ ಎಲ್ಲೋ?"

"ಕಡೀ ಊರಿನ ರೈತರೊಬ್ಬರ ಹೊಲದಾಗ ಎಲ್ಲಾದಕ್ಕಿಂತ ಛಲೋ ತೆನಿ ಇದೊಂದೇ ಬೇ! ಮುತ್ತಿನಂಗ ಐತಿ, ನೋಡು!"

"ಸೋಮವಾರ ಹೋತಲ್ಲೋ ನನ್ನಪ್ಪಾ!"

"ತೆನಿ ಬಂತಲ್ಲ ಬೇ."

ತುಂಗವ್ವ ಹಣೆ ಚಚ್ಚಿಕೊಂಡಳು. "ದೂರ ಹೋಗಬ್ಯಾಡೋ! ಹತ್ರ ಎಲ್ಲಿ ಸಿಗತೈತಿ ಅಲ್ಲಿ ತಾ!"

ಮೂರನೇ ವಾರ ಅವನು ಹೊಸಿಲು ದಾಟಿ ಆರು ಹೆಜ್ಜೆ ಇಟ್ಟ. ಪಕ್ಕದ ಮನೆ ಬಂತು. ಅಲ್ಲಿಯ ಮುದುಕಿ ಬಿತ್ತನೆಗೆ ಅಂತ ಬೂದಿ, ಬೇವಿನ ಸೊಪ್ಪು ಬೆರೆಸಿ ಎತ್ತಿಟ್ಟ ಜೋಳ ಇತ್ತು. "ಇದು ಬೀಜದ್ದೋ ತಮ್ಮಾ" ಅಂದಳು. "ಹತ್ರ ಐತ್ರಿ ಆಯೀ" ಅಂದ ಇವನು. ಅವಳು ಸಾಕಾಗಿ ಕೊಟ್ಟಳು. ಇವನು ನೇರ ಗಿರಣಿಗೆ ಒಯ್ದು ಬೀಸಿಸಿಕೊಂಡೇ ಬಂದ.

ಆ ಬೇವಿನ ಕಹಿ ರೊಟ್ಟಿ ತಿಂದ ಗಿರಾಕಿಗಳು ಥೂ ಥೂ ಅಂತ ಎದ್ದರು. ರಾಚಪ್ಪನೇ ಮನೆತನಕ ಬಂದ. "ತುಂಗಕ್ಕಾ, ನಿನ್ನ ಕೈ ಛಲೋ ಐತಿ ಅಂತ ಇನ್ನೊಂದು ವಾರ ನೋಡ್ತೀನಿ. ಮುಂದಿನ ಸೋಮವಾರ ಎರಡೂ ಬುಟ್ಟಿ ಮುಂದಿಟ್ಟು ಆರಿಸೋದೇ!"

ತುಂಗವ್ವನಿಗೆ ಆ ದಿನ ಅಳುವೇ ಬಂತು. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು. ಮಗನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು.

"ಬಸ್ಯಾ, ಒಂದನ್ನೇ ನೋಡಿ ಕೆಟ್ಟಿ. ಎಲ್ಲಾನೂ ನೋಡಬೇಕು. ಸಣ್ಣ ಕಲ್ಲಿನ ಹರಳು ತಗೊಂಡು ಹೋಗು. ಅಗ್ಗ ಇದ್ರ ಒಂದು ಹರಳು ಹಾಕು, ಹತ್ರ ಇದ್ರ ಒಂದು, ವ್ಯಾಪಾರಿ ನಂಬಿಗಸ್ತ ಇದ್ರ ಒಂದು. ಕಾಳು ಛಲೋ ಇದ್ರ ಎರಡು ಹಾಕು, ಅದು ದೊಡ್ಡದು. ಯಾರಿಗೆ ಹರಳು ಹೆಚ್ಚು ಬೀಳತಾವೋ ಅವರ ಜೋಳ ತಾ. ತಿಳೀತೇನು?"

"ತಿಳೀತು ಬೇ! ಹರಳು ಹೆಚ್ಚಿದ್ದವರೇ ಗೆದ್ದರು!"

ಶನಿವಾರ ಸಂತೆಗೆ ಹೋದ. ಮೊದಲನೆಯವನ ಚೀಲದಲ್ಲಿ ಮೂರು ಹರಳು ಹಾಕಿದ. ಎರಡನೆಯವನ ಚೀಲದಲ್ಲಿ ನಾಲ್ಕು. ಅವರು ಬೈದರು, ಇವನು ಲೆಕ್ಕಿಸಲಿಲ್ಲ. ಮೂರನೆಯವನ ಚೀಲದ ಬಾಯಿ ಬಿಚ್ಚಿ ಇಣುಕಿದ. ಆಹಾ! ಇವನು ಒಂದೂ ಹಾಕುವ ಮೊದಲೇ ಅದರಲ್ಲಿ ಹಿಡಿ ಹಿಡಿ ಹರಳು! ತೂಕಕ್ಕೆ ಬರಲಿ ಅಂತ ಆ ಪುಣ್ಯಾತ್ಮನೇ ಬೆರೆಸಿದ್ದ. ಹೊಳೆಬಸ್ಯ ಕೈಮುಗಿದು ಚೀಲ ಹೊತ್ತುಕೊಂಡ.

"ಯವ್ವಾ, ನನಗಿಂತ ಮೊದಲ ಯಾರೋ ಶ್ಯಾಣ್ಯಾರು ನೋಡಿ ಹೋಗ್ಯಾರ ಬೇ! ಎಷ್ಟು ಹರಳು ಹಾಕ್ಯಾರ ನೋಡು!"

ತುಂಗವ್ವ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಭಾನುವಾರ ಬೆಳಗಿನಿಂದ ಮೊರ ಹಿಡಿದು ಕೂತಳು. ಕೇರಿದಳು, ಆರಿಸಿದಳು. ಹರಳು ತೆಗೆದ ಮೇಲೆ ನೋಡಿದರೆ ಕಾಳೇನೂ ಕೆಟ್ಟದ್ದಲ್ಲ! ಅಂಗಳದ ಮೂಲೆಯಲ್ಲಿ ಹರಳಿನ ಗುಡ್ಡೆ ಬಿತ್ತು. ಹಿಟ್ಟು ಹಾಲಿನಂತೆ ಬಂತು. ನೂರು ರೊಟ್ಟಿ ಬಡಿದಳು, ಒಂದಕ್ಕಿಂತ ಒಂದು ತೆಳ್ಳಗೆ, ಗರಿಗರಿ. ಇಷ್ಟು ಚೆಂದದ ರೊಟ್ಟಿ ತನ್ನ ಕೈಯಿಂದ ಎಂದೂ ಬಂದಿಲ್ಲ ಅನ್ನಿಸಿ ಅವಳ ಎದೆ ತುಂಬಿ ಬಂತು.

ಸೋಮವಾರ ಬುಟ್ಟಿ ತುಂಬಿ ಅಂಗಳದಲ್ಲಿಟ್ಟಳು. "ಹುಷಾರಾಗಿ ಒಯ್ಯಿ ಮಗನಾ. ಇವತ್ತು ರಾಚಪ್ಪ ಎರಡೂ ಬುಟ್ಟಿ ನೋಡಿ ಒಬ್ಬರನ್ನ ಆರಿಸ್ತಾನ. ನಾವು ಗೆಲ್ಲಬೇಕು" ಅಂದು, ಮೈ ಸೋತು ಒಳಗೆ ಅಡ್ಡಾದಳು.

ಹೊಳೆಬಸ್ಯ ಬುಟ್ಟಿ ನೋಡಿದ. ಮೂಲೆ ನೋಡಿದ. ಅವ್ವ ಪಾಪ, ಮುಖ್ಯವಾದದ್ದನ್ನೇ ಮರೆತಿದ್ದಾಳೆ ಅಂದುಕೊಂಡ.

ಮಧ್ಯಾಹ್ನ ಓಡುತ್ತಾ ಬಂದ. "ಯವ್ವಾ, ಗೆದ್ವಿ ಬೇ! ಗೆದ್ವಿ!"

ತುಂಗವ್ವ ಉಳುಕಿದ ಕಾಲು ಮರೆತು ಎದ್ದಳು. "ನನ್ನ ಬಂಗಾರಾ! ರಾಚಪ್ಪ ಏನಂದನೋ?"

"ಏನಂತಾರ ಬೇ, ಬುಟ್ಟಿ ನೋಡಿ ಬಾಯಿ ತಕ್ಕೊಂಡು ನಿಂತ್ರು. ನಮ್ಮ ಬುಟ್ಟಿ ತುಂಬ ಹರಳೇ ಹರಳು, ಭಾರಕ್ಕ ರೊಟ್ಟಿ ಎಲ್ಲಾ ಪುಡಿಪುಡಿ ಆಗಿ ತಳಕ್ಕ ಕೂತಿದ್ವು. ಆ ನೀಲವ್ವನ ಬುಟ್ಟ್ಯಾಗ, ಪಾಪ, ಬರೇ ರೊಟ್ಟಿ ಬೇ! ಹುಡುಕಿದ್ರೂ ಒಂದು ಹರಳಿಲ್ಲ!"