ಹಗೇವಿಗೆ ಕೊಕ್ಕು ಹಾಕದ ಗಿಳಿ ಪಂಡಿತರು

ಇರುವೆಗಳು ಎಂದಾದರೂ ಬರುವ ಮಹಾಮಳೆಗೆಂದು ಕೂಡಿಟ್ಟ ನವಣೆಯನ್ನು ನೆಲದೊಳಗಿನ ಕಾಳಿನ ಗುಂಡಿಯಾದ ಹಗೇವಿನಲ್ಲಿ ಹೆಗ್ಗಣವೊಂದು ಕಾಯುತ್ತಿತ್ತು. ವರ್ಷಕ್ಕೊಮ್ಮೆ ಅದು ಆಲದೆಲೆಯ ಮೇಲೆ ವರದಿ ಬರೆದು, "ಹಗೇವು ಭರ್ತಿಯಾಗಿದೆ" ಎಂದು ಓದಿ ಹೇಳುತ್ತಿತ್ತು. ಒಂಬತ್ತು ವರ್ಷದ ಎಲೆಗಳನ್ನು ಹರವಿಕೊಂಡು ಗಿಳಿ ಪಂಡಿತರೊಬ್ಬರು ದೊಡ್ಡ ಸಂಶೋಧನೆಯನ್ನೇ ಮಾಡಿದರು. "ವರದಿ ಇಷ್ಟು ಅಚ್ಚುಕಟ್ಟಾಗಿದೆ ಅಂದಮೇಲೆ ಕಾಳೂ ಭದ್ರವಾಗಿಯೇ ಇದೆ" ಎಂದು ಸಾರಿದರು. ಇರುವೆಗಳು ನಂಬಿಬಿಟ್ಟವು.

ಹತ್ತನೇ ವರ್ಷ ಆ ಮಹಾಮಳೆ ಹಿಡಿಯಿತು. ಮರಿಗಳು ಹಸಿದು ಅಳತೊಡಗಿದಾಗ ಕೆಂಚವ್ವ ಎಂಬ ಮುದಿ ಇರುವೆ ಹಗೇವಿಗೆ ಇಳಿದಳು. ಮೇಲೆ ಒಂದು ಪದರ ಕಾಳು, ಕೆಳಗೆಲ್ಲ ಬರೀ ಹೊಟ್ಟು. ಹೆಗ್ಗಣ ಆಗಲೇ ಪರಾರಿ. ಅವಳ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಗಿಳಿಯ ಪೊಟರೆಗೆ ನಡೆದಳು.

"ಪಂಡಿತರೇ, ಒಂದು ಸಲವಾದರೂ ಹಗೇವಿನೊಳಗೆ ಕೊಕ್ಕು ಹಾಕಿ ನೋಡಿದ್ದಿರಾ?"

"ಅದು ನನ್ನ ಕೆಲಸವಲ್ಲ ಕಣಮ್ಮಾ, ನನ್ನದು ವರದಿಗಳ ಅಧ್ಯಯನ. ಆದರೂ ಒಳ್ಳೇ ಸಂಗತಿ ತಂದಿದ್ದೀಯ, ಮುಂದಿನ ಸಂಶೋಧನೆಗಾಯಿತು! ಅಂದ ಹಾಗೆ, ನನ್ನ ಸಂಭಾವನೆಯ ನವಣೆ ಎಲ್ಲಿ?"

ಕೆಂಚವ್ವ ಹಲ್ಲು ಕಚ್ಚಿ ಬಳಗವನ್ನು ಕರೆದಳು. ಅವರೆಲ್ಲ ಆ ಹೊಟ್ಟನ್ನು ಹೊತ್ತು ತಂದು ಪೊಟರೆಗೆ ಸುರಿದು, ಮೇಲೊಂದು ಆಲದೆಲೆ ಇಟ್ಟರು.

"ಏ, ಇದು ಹೊಟ್ಟು!" ಎಂದು ಗಿಳಿ ಕಿರುಚಿತು.

"ಎಲೆ ಓದಿಕೊಳ್ಳಿ ಪಂಡಿತರೇ," ಎಂದಳು ಕೆಂಚವ್ವ. "ನವಣೆ ಅಂತ ಅಚ್ಚುಕಟ್ಟಾಗಿ ಬರೆದಿದ್ದೇವೆ."