ಬಾಣಲಿ ಎಣ್ಣೆಯಲ್ಲಿ ಮಿಂದ ಕಲ್ಲು

ಕೂತ್ಕೊಳ್ರಪ್ಪಾ, ಒತ್ತಾಗಿ ಕೂತ್ಕೊಳ್ರಿ. ಈ ಕತೆ ಹೇಳೋಕೆ ನನ್ನ ಬಿಟ್ಟರೆ ಈ ಸೀಮೆಯಲ್ಲಿ ಇನ್ನೊಬ್ಬ ಗಂಡಸಿಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೆ ಮೆಟ್ಟಿಲೇ ಕುಸೀತಿತ್ತು, ಅಷ್ಟು ಬಲ ಆಗ ಈ ಕಾಲಲ್ಲಿ. ಇರಲಿ.

ಗುಡ್ಡದ ಕೆಳಗೆ ಜಾಲಿಕಟ್ಟಿ ಅಂತ ಒಂದೂರು. ರಸ್ತೆ ಬದಿಗೆ ಹಂಪವ್ವನ ಖಾನಾವಳಿ. ಅವಳು ಬಡಿದ ರೊಟ್ಟಿ ಎಷ್ಟು ತೆಳುವು ಅಂದರೆ, ಕಣ್ಣಿಗೆ ಹಿಡಿದು ನೋಡಿದರೆ ಆಚೆ ಊರಲ್ಲಿ ಯಾರ ಮನೆಗೆ ನೆಂಟರು ಬಂದಾರೆ ಅಂತ ಕಾಣಿಸ್ತಿತ್ತು. ಗಂಡ ಇಲ್ಲ, ಹೊಲ ಇಲ್ಲ. ಒಲೆ ಒಂದು, ಮಗ ಒಬ್ಬ. ಒಲೆಗಾದರೂ ಒಂದಿಷ್ಟು ಬುದ್ಧಿ ಇತ್ತು, ಮಗನಿಗೆ ಇರಲಿಲ್ಲ.

ಮಗನ ಹೆಸರು ಯಮನೂರ. ಆಳು ಎತ್ತರ, ಮನಸ್ಸು ಬೆಣ್ಣೆ. ಹೇಳಿದ್ದನ್ನು ಹೇಳಿದ ಹಂಗೇ ಮಾಡೋನು. ಅದೇ ಅವನ ರೋಗ! ಬೈದರೆ ಬೇಜಾರಿಲ್ಲ, ಹಲ್ಲು ಕಿರಿದು ಅನ್ನೋನು: "ತಿಳೀತು, ಇನ್ನ ತಪ್ಪಂಗಿಲ್ಲ!" ಹಂಪವ್ವ ಹಣೆ ಹಣೆ ಬಡ್ಕೊಳ್ಳೋಳು. "ಯಪ್ಪಾ ಶಿವನ, ಇವಂಗ ಮೈ ಕೊಡೋ ಮುಂದ ತೆಲಿ ಕೊಡೋದ ಮರ್ತೆಲ್ಲೋ!"

ಹಿಂಗಿರುವಾಗ ಊರ ಬಯಲಿಗೆ ಒಂದು ಕಂಪನಿ ಬಂತು. ನೀರಿಗಲ್ಲ ಮತ್ತೆ, ಎಣ್ಣೆಗೆ! ನೆಲದ ಹೊಟ್ಟೆಯಲ್ಲಿ ಎಣ್ಣೆ ಐತೋ, ಗ್ಯಾಸು ಐತೋ ಅಂತ ಕೊರೆದು ನೋಡೋಕೆ. ರಿಗ್ಗು ಅಂತ ಕೊರೆಯೋ ಕಬ್ಬಿಣದ ಗೋಪುರ ಎಬ್ಬಿಸಿದರು. ಅದರ ತುದಿಗೆ ಮೋಡ ಸಿಕ್ಕೊಂಡಾಗೆಲ್ಲ, ಅಲ್ಲೇ ಕೂಲಿಗಿದ್ದ ನಾನೇ ಹತ್ತಿ ಬಿಡಿಸಿ ಕಳಿಸ್ತಿದ್ದೆ. ಕೊರೆದ ಹಂಗೆ ಕೆಸರಿನ ಜೊತೆ ಕಲ್ಲಿನ ಚೂರು ಮೇಲೆ ಬಂದು ಜರಡಿಯಲ್ಲಿ ನಿಲ್ಲೋವು. ಆ ಚೂರು ನೋಡಿ, ಬಾವಿಯ ಒತ್ತಡ ತೋರಿಸೋ ಗೇಜು ನೋಡಿ, ಕುಂದಾ ಮೇಡಂ ಅನ್ನೋ ಕಲ್ಲು ಓದಿದ ಹೆಣ್ಣುಮಗಳು ದೊಡ್ಡ ಸಾಹೇಬರಿಗೆ ಫೋನಲ್ಲಿ ಹೇಳೋಳು. ಕೇಳಿಕೊಂಡು ಸಾಹೇಬರು ತೀರ್ಮಾನ ಮಾಡಬೇಕು. ಎಣ್ಣೆ ಇದ್ದರೆ ಊರ ತುಂಬ ಬಾವಿ. ಇಲ್ಲದಿದ್ದರೆ ಗಂಟುಮೂಟೆ.

ಎರಡನೇ ಬಾವಿಯ ಜಾಗಕ್ಕೆ ಆಗಲೇ ಕೆಂಪು ನಿಶಾನೆ ನೆಟ್ಟಿದ್ದರು. ಎಲ್ಲಿ? ಹಂಪವ್ವನ ಒಲೆಯ ಮಗ್ಗುಲಿಗೆ!

"ಹಳ್ಳದ ಆಚೆ ನಿನಗೆ ಬೇರೆ ಜಾಗ ಕೊಡ್ತೀವಮ್ಮ," ಅಂದರು ಕಂಪನಿಯವರು.

"ಅಲ್ಲಿ ಉಣ್ಣಾಕ ಯಾರ ಬರ್ತಾರ್ರೀ, ಕಾಗೀನ?" ಅಂದಳು ಹಂಪವ್ವ. ಆವತ್ತಿಂದ ದಿನಾ ದೀಪ ಹಚ್ಚಿ ಒಂದೇ ಬೇಡಿಕೆ: "ಎಣ್ಣಿ ಸಿಗಬಾರದಪ್ಪಾ. ನನ್ನ ಒಲಿ ಆರಬಾರದು."

ಹಂಗಂತ ಹೊಟ್ಟೆ ಕೇಳಬೇಕಲ್ಲ? ಮಗನನ್ನ ಅದೇ ರಿಗ್ಗಿಗೆ ಕೆಲಸಕ್ಕೆ ಹಚ್ಚಿದಳು. ಕಳಿಸುವಾಗ ಹೇಳಿದಳು: "ನಿನ್ನ ಬುದ್ಧಿ ಒಂದ್ ಚೂರೂ ಖರ್ಚ ಮಾಡಬ್ಯಾಡ. ಅವರು ಹೇಳಿದಷ್ಟ ಮಾಡು."

"ತಿಳೀತು, ಇನ್ನ ತಪ್ಪಂಗಿಲ್ಲ!"

ಮೇಡಂ ಅಂದಳು: "ಯಮನೂರಾ, ಇವತ್ತು ಜರಡಿಯಲ್ಲಿ ಬಂದ ಕಲ್ಲೆಲ್ಲ ತಾ." ಇವನು ಎಲ್ಲಾ ತಂದ. ಬೆಳಿಗ್ಗೆ ಬಂದದ್ದು, ಮಧ್ಯಾಹ್ನ ಬಂದದ್ದು, ಸಂಜೆ ಬಂದದ್ದು, ಎಲ್ಲಾ ಒಂದೇ ಗೋಣಿಚೀಲಕ್ಕೆ ಸುರಿದು ಹೊತ್ತು ತಂದ.

"ಅಯ್ಯೋ ದೇವರೇ! ಯಾವುದು ಯಾವ ಆಳದ್ದು ಅಂತ ಹೆಂಗೋ ಹೇಳಲಿ? ಒಂದೊಂದು ಆಳದ್ದು ಒಂದೊಂದು ಬಟ್ಟೆಚೀಲಕ್ಕೆ ಹಾಕಬೇಕು, ಬಾಯಿ ಕಟ್ಟಬೇಕು. ಒಂದಕ್ಕೊಂದು ಕೂಡಿಸಲೇಬಾರದು!"

"ತಿಳೀತ್ರಿ, ಇನ್ನ ತಪ್ಪಂಗಿಲ್ಲ!"

ಮರುದಿನ ಹಂಪವ್ವ ಅಂದಳು: "ರಿಗ್ಗಿನವರಿಗೆ ಊಟ ಒಯ್ಯೋ." ಒಯ್ದ! ರೊಟ್ಟಿ ಒಂದು ಬಟ್ಟೆಚೀಲಕ್ಕೆ, ಪಲ್ಯ ಒಂದು ಬಟ್ಟೆಚೀಲಕ್ಕೆ, ಸಾರೂ ಬಟ್ಟೆಚೀಲಕ್ಕೇ! ಬಾಯಿ ಕಟ್ಟಿ ಹೆಗಲಿಗೆ ಹಾಕ್ಕೊಂಡು ಹೊರಟ. ದಾರಿಯುದ್ದಕ್ಕೂ ಸಾರು ಸೋರಿ, ಊರ ನಾಯಿಗಳೆಲ್ಲ ಹಿಂದೆ ಮೆರವಣಿಗೆ. ಒಂದಕ್ಕೊಂದು ಕೂಡಿಸಬಾರದಲ್ಲ? ರೊಟ್ಟಿ ಒಬ್ಬನಿಗೇ ಕೊಟ್ಟ, ಪಲ್ಯ ಇನ್ನೊಬ್ಬನಿಗೇ ಕೊಟ್ಟ. ನನ್ನ ಪಾಲಿಗೆ ಉಪ್ಪು ಬಂತು. ನಾನಾಗಿದ್ದಕ್ಕೆ ತಿಂದು ದಕ್ಕಿಸ್ಕೊಂಡೆ.

ಹಂಪವ್ವ ಸೌಟು ಹಿಡಿದು ಅಟ್ಟಿಸ್ಕೊಂಡು ಬಂದಳು. "ಸಾರು ಚೀಲಕ್ಕ ಹಾಕ್ತಾರೇನೋ ಕ್ವಾಣಾ! ಇನ್ನ ಮ್ಯಾಲೆ ಏನ ತರೋದಿದ್ರೂ ಕ್ಯಾನಿನ್ಯಾಗ ಹಾಕು, ಮುಚ್ಚಳ ಗಟ್ಟಿ ಒತ್ತು, ಆಮ್ಯಾಲೆ ತಾ!"

"ತಿಳೀತವ್ವಾ, ಇನ್ನ ತಪ್ಪಂಗಿಲ್ಲ!"

ಅದರ ಮಾರನೇ ದಿನ ಮೇಡಂ ಕೇಳಿದಳು: "ಯಮನೂರಾ, ಬಾವಿಯ ಗೇಜು ಎಷ್ಟು ತೋರಿಸ್ತಿದೆ? ಬೇಗ ತಿಳ್ಕೊಂಡು ಬಾ."

ಇವನು ಹೋದ. ಪಾನಾ ಹಾಕಿ ಗೇಜು ಬಿಚ್ಚಿದ. ಹಾಲಿನ ಕ್ಯಾನಿಗೆ ಹಾಕಿದ, ಮುಚ್ಚಳ ಗಟ್ಟಿ ಒತ್ತಿದ, ತಂದ! ಆ ಕಡೆ ಗೇಜಿನ ತೂತಿಂದ ಕೆಸರು ಚಿಮ್ಮಿತು ನೋಡ್ರಿ, ಹಾರ್ತಿದ್ದ ಹದ್ದು ಎರಡು ಕೆಸರು ಬಡ್ಕೊಂಡು ಕೆಳಗೆ ಬಿದ್ದವು! ಮೆಕ್ಯಾನಿಕ್ಕು ಬರೋವರೆಗೂ ತೂತಿಗೆ ಅಂಗೈ ಒತ್ತಿ ನಿಂತವನು ಯಾರು? ಇದೇ ಅಂಗೈ. ನೋಡ್ಕೊಳ್ರಿ.

ಮೇಡಂ ಕ್ಯಾನು ತೆಗೆದು ನೋಡಿದರೆ ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿದೆ. "ಬಾವಿ ಬಿಟ್ಟು ಬಂದ ಗೇಜು ಇನ್ನೇನೋ ಹೇಳುತ್ತೆ! ಇದನ್ನೇ ಫೋನಲ್ಲಿ ಹೇಳಿದ್ರೆ ಸಾಹೇಬರು ಏನಂತ ತೀರ್ಮಾನ ಮಾಡ್ಬೇಕು? ಕಂಡದ್ದನ್ನ ಅಲ್ಲೇ ಬಿಡು, ಮುಟ್ಟಬೇಡ. ನೋಡಿ ತಲೆಯಲ್ಲಿಟ್ಕೊಂಡು ಬಾ!"

"ತಿಳೀತ್ರಿ, ಇನ್ನ ತಪ್ಪಂಗಿಲ್ಲ!"

ಅಷ್ಟರಲ್ಲಿ ಬಾವಿ ತಳ ಮುಟ್ಟಿತು. ಕೊನೆಯ ಕಲ್ಲು ಮೇಲೆ ಬಂತು. ಹಂಪವ್ವನ ಒಲೆ ಉಳೀತದೋ ಹೋಗ್ತದೋ, ಆ ಕಲ್ಲೇ ಹೇಳಬೇಕು. ಯಮನೂರ ಬರಿಗೈಲಿ ಬಂದು ನಿಂತ.

"ಕಲ್ಲು ಎಲ್ಲೋ?"

"ತೆಲಿಯಾಗ ಅದಾವ್ರಿ. ಕರ್ರಗದಾವ, ಕೆಸರು ಮೆತ್ಕೊಂಡಾವ. ಮುಟ್ಟಿಲ್ರಿ!"

ಮೇಡಂಗೆ ಅಳೂ ಬಂತು, ನಗೂ ಬಂತು. "ಮಾರಾಯಾ, ಕಲ್ಲನ್ನ ಕೈಯಲ್ಲಿ ತರಬೇಕು! ಕೆಸರೆಲ್ಲ ತೊಳೆದು ಚೆನ್ನಾಗಿ ಮಾಡಿ ತಾ."

ಚೆನ್ನಾಗಿ ಅಂದರೆ ಹೆಂಗೆ? ಕಲ್ಲು ಉಡಿಯಲ್ಲಿ ಕಟ್ಕೊಂಡು ಅವ್ವನ ಹತ್ತಿರ ಓಡಿದ. ಹಂಪವ್ವ ಗಿರಾಕಿಗಳ ಗದ್ದಲದಲ್ಲಿದ್ದಳು, ತಿರುಗಿ ಸಹ ನೋಡಲಿಲ್ಲ. "ಹಬ್ಬಕ್ಕ ನಿನಗ ಹೆಂಗ ಮಾಡ್ತೀನಿ? ತಿಕ್ಕಿ ತೊಳದು, ಒರಿಸಿ, ಎಣ್ಣಿ ಹಚ್ಚಿ ಕಳಸ್ತೀನಿಲ್ಲ? ಹಂಗ ಮಾಡು, ಹೋಗತ್ಲಾಗ!"

ಮಾಡಿದ! ಸೀಗೆಕಾಯಿ ಹಾಕಿ ತಿಕ್ಕಿದ. ಅವ್ವನ ಹಳೇ ಸೀರೆಯಲ್ಲಿ ಒರೆಸಿದ. ಮಿರ್ಚಿಭಜಿ ಕರಿದಿಟ್ಟ ಬಾಣಲಿ ಮಗ್ಗುಲಲ್ಲೇ ಇತ್ತು. ಅದರೊಳಗೆ ಕೈ ಅದ್ದಿ ಒಂದೊಂದು ಚೂರಿಗೂ ಎಣ್ಣೆ ಪೂಸಿದ. ಬೈತಲೆ ತೆಗೆಯೋಕೂ ನೋಡಿದ, ಬಾಚಣಿಗೆ ಜಾರ್ತು, ಬಿಟ್ಟ.

ಮೇಡಂ ಹತ್ತಿರ ಒಂದು ನೀಲಿ ದೀಪ. ಎಣ್ಣೆ ಇದ್ದ ಕಲ್ಲು ಅದರ ಕೆಳಗೆ ಹೊಳೀತದೆ. ಇವನು ಚೀಲದಲ್ಲಿ ತಂದ ಕಲ್ಲು ಇಟ್ಟಳೋ ಇಲ್ಲವೋ, ಝಗ್ ಅಂತು! ಫೋನು ಹೋಯಿತು. ಸಾಹೇಬರು ಜೀಪಲ್ಲಿ ಹಾರಿ ಬಂದರು, ದೀಪದ ಕೆಳಗೆ ಕಲ್ಲು ನೋಡಿದರು, ಕುಣಿದರು. ಕಲ್ಲಿನ ಚೀಲ ಸಮೇತ ಎಲ್ಲರನ್ನೂ ಕರ್ಕೊಂಡು ಸೀದಾ ಖಾನಾವಳಿಗೆ ಬಂದರು.

"ಸಿಕ್ಕಿತು! ಮೂವತ್ತು ಬಾವಿ ಹಾಕ್ಸಿ! ಈ ಒಲೆ ನಾಳೆನೇ ಎತ್ತಿಸಿ!"

ಹಂಪವ್ವ ಒಲೆ ತಬ್ಬಿಕೊಂಡು ಕೂತಳು. ಬಿಸಿ ಒಲೆ! "ಎತ್ತೋದಿದ್ರ ನನ್ನೂ ಕೂಡಿ ಎತ್ರಿ!" ಅವಳ ಗೋಳು ಕೇಳಿ ಉಣ್ಣೋಕೆ ಕೂತವರ ಕೈಯಲ್ಲಿ ರೊಟ್ಟಿ ಹಂಗೇ ನಿಂತಿತು.

ಆಗ ಮೇಡಂ ಅಂದಳು: "ಸ್ವಲ್ಪ ತಡೀರಿ ಸಾರ್. ಮೇಲೆ ಹೊಳೆದ್ರೆ ಸಾಲದು, ಒಳಗೆ ನೋಡ್ಬೇಕು." ಸುತ್ತಿಗೆ ತಗೊಂಡು ಒಂದು ಚೂರು ಒಡೆದಳು. ಒಳಗೆ ಒಣ! ಇನ್ನೊಂದು ಒಡೆದಳು. ಅದೂ ಒಣ, ನನ್ನ ಗಂಟಲಿನ ಹಂಗೆ! ಚೀಲ ಕೊಡವಿದಳು. ಟಪ್ ಅಂತ ಒಂದು ಮೆಣಸಿನಕಾಯಿ ಬೀಜ ಬಿತ್ತು.

"ಯಮನೂರಾ, ಏನು ಮಾಡಿದೀಯೋ ಇದಕ್ಕೆ?"

"ತಿಕ್ಕಿ ತೊಳದು, ಒರಿಸಿ, ಭಜಿ ಎಣ್ಣಿ ಹಚ್ಚೀನ್ರಿ. ಇನ್ನೂ ಪೌಡರ್ ಹಚ್ಚಬೇಕಿತ್ತು, ಹೊತ್ತ ಸಿಗ್ಲಿಲ್ರಿ."

ಸಾಹೇಬರು ಬೆಂಚಿನ ಮೇಲೆ ಕುಸಿದರು. "ಅಯ್ಯಯ್ಯೋ! ಮಿರ್ಚಿಭಜಿ ನಂಬ್ಕೊಂಡು ಮೂವತ್ತು ಬಾವಿ ಕೊರೆಸ್ತಿದ್ದೆನಲ್ರೀ! ಕಂಪನಿ ಮುಳುಗ್ತಿತ್ತು. ಬದುಕಿದೆ ಮೇಡಂ, ಬದುಕಿದೆ!" ಬಾವಿ ಮುಚ್ಚಿ ಅಂದರು. ಮೇಡಂ ತಾನೇ ಕೈಯಾರೆ ಕೆಂಪು ನಿಶಾನೆ ಕಿತ್ತಳು. ಹಂಪವ್ವನ ಎದೆ ಮೇಲಿಂದ ಗುಡ್ಡ ಇಳಿದ ಹಂಗಾಯಿತು. ಅತ್ತಳು, ನಕ್ಕಳು, ಮಗನಿಗೆ ಒಂದು ಬಿಟ್ಟಳು, ಆಮೇಲೆ ಮುದ್ದು ಕೊಟ್ಟಳು. ಊರೆಲ್ಲ ಉಸ್ಸಂತ ಉಸಿರು ಬಿಟ್ಟ ರಭಸಕ್ಕೆ ಖಾನಾವಳಿಯ ತಗಡು ಎರಡು ಸಲ ಎದ್ದು ಕೂತವು.

ಮೇಡಂ ಯಮನೂರನನ್ನ ಕರೆದು ಸಮಾಧಾನವಾಗಿ ಬುದ್ಧಿ ಹೇಳಿದಳು: "ನೋಡಪ್ಪಾ, ಮೇಲಿನ ಎಣ್ಣೆ ನಂಬಬಾರದು. ಒಡೆದು ಒಳಗೆ ನೋಡ್ಬೇಕು. ಒಂದನ್ನ ಒಡೆದ್ರೆ ಸಾಲದು, ಇನ್ನೊಂದನ್ನ ಒಡೆದು ತಾಳೆ ನೋಡ್ಬೇಕು."

"ತಿಳೀತ್ರಿ, ಇನ್ನ ತಪ್ಪಂಗಿಲ್ಲ!"

ಇತ್ತ ಸಾಹೇಬರ ತಲೆ ಬಿಸಿಯಾಗಿ ಸಿಡೀತಿತ್ತು. ಟೋಪಿ ತೆಗೆದರು. ಅಂಗಳದ ಹಂಗೆ ಬೋಳು! ಹಂಪವ್ವ ಒಲೆ ಉಳಿದ ಖುಷಿಗೆ ಹರಳೆಣ್ಣೆ ತಂದು, "ತಂಪಾಗ್ಲಿ ಬಿಡ್ರಿ ಸಾಹೇಬ್ರ," ಅಂತ ಪಟಪಟ ತಟ್ಟಿದಳು. ಸಾಹೇಬರು ಕಣ್ಣು ಮುಚ್ಚಿ, "ಆಹಾ, ಈಗ ಹಗುರಾಯ್ತಮ್ಮ," ಅಂದರು. ತಲೆ ಬಿಸಿಲಿಗೆ ಫಳಫಳ ಅಂತು.

ಯಮನೂರ ನೋಡಿದ. ಮೇಲೆ ಎಣ್ಣೆ ಹೊಳೀತಿದೆ. ಒಳಗೆ ಐತೋ ಇಲ್ಲೋ? ಸುತ್ತಿಗೆ ತಗೊಂಡ, ಹಿಂದೆ ಬಂದು ನಿಂತ, ಎತ್ತಿದ!

"ಲೇ ಲೇ ಲೇ!" ಅಂತ ಹಂಪವ್ವ ಕಿರುಚಿದಳು. ಸಾಹೇಬರು ಕಣ್ಣು ಬಿಟ್ಟು ತಿರುಗಿದರು, ಸುತ್ತಿಗೆ ಕಂಡರು, ಬೆಂಚು ಹಾರಿದರು, ಚಪ್ಪಲಿ ಬಿಟ್ಟು ಜೀಪು ಹತ್ತಿದರು. ಧೂಳು ಅಡಗೋದರೊಳಗೆ ಜಿಲ್ಲೆ ದಾಟಿದ್ದರು.

"ಯಾಕೋ ಹಂಗ ಮಾಡ್ದಿ, ಮೂಳಾ?" ಅಂತ ಹಂಪವ್ವ ಬಾಯಿ ಬಾಯಿ ಬಡ್ಕೊಂಡಳು.

"ಮೇಡಂನೋರ ಹೇಳ್ಯಾರ್ಬೇ, ಒಡೆದು ನೋಡು ಅಂತ. ಅದ ಓಡಿ ಹೋತು," ಅಂದ ಯಮನೂರ. ಸುತ್ತಿಗೆ ಇಳಿಸಲಿಲ್ಲ. ಸುತ್ತ ನೋಡಿದ. "ಹೋಗ್ಲಿ ಬಿಡು. ತಾಳೆ ನೋಡಾಕ ಇನ್ನೊಂದೈತಿ."

ನೋಡ್ತಾನೆ ನನ್ನ ಕಡೆ! ನಂದೂ ಬೋಳು ತಲೆ, ನಾನೂ ಆಗಷ್ಟೇ ಎಣ್ಣೆ ತಟ್ಟಿಸ್ಕೊಂಡು ಕೂತಿದ್ದೆ.

ಹುಲಿಗೆ ಹೆದರದ ಗಂಡು ನಾನು. ಆವತ್ತು ರಿಗ್ಗಿನ ತುದಿ ಹತ್ತಿದವನು, ತಲೆ ಪೂರಾ ಒಣಗೋವರೆಗೂ ಕೆಳಗೆ ಇಳಿಯಲಿಲ್ಲ.